ಡಾಲರ್ ಒಂದು, ಹುಲಿಗಳು ನೂರಾರು!

ವರ್ಷಕ್ಕೆ ಒಂದು ಡಾಲರ್! ತಿಂಗಳಿಗಲ್ಲ, ವಾರಕ್ಕಲ್ಲ, ಇಡೀ ವರ್ಷಕ್ಕೆ. ಅಮೆರಿಕದ ಅಗ್ರ ದರ್ಜೆಯ ಕಾಲೇಜು ಬೇಸ್‌ಬಾಲ್‌ನಲ್ಲಿ ಬೇರೆ ಯಾರೂ ಗೆಲ್ಲದಷ್ಟು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ಕೋಚ್‌ನ ನಾಮಮಾತ್ರದ ಸಂಬಳ ಅದು. ಹೆಸರು ರಾಡ್ ಡೇಡೋ. ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದ, ಅಂದರೆ ಎಲ್ಲರ ಬಾಯಲ್ಲಿರುವ ಯು.ಎಸ್.ಸಿ.ಯ ಟ್ರೋಜನ್ಸ್ ತಂಡವನ್ನು ಅವರು 1942ರಿಂದ 1986ರವರೆಗೆ, 45 ಸೀಸನ್‌ಗಳ ಕಾಲ ನಡೆಸಿದರು. 1332 ಪಂದ್ಯ ಗೆದ್ದರು. 11 ಬಾರಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದರು. ಅದರಲ್ಲೂ 1970ರಿಂದ 1974ರವರೆಗೆ ಸತತ ಐದು ವರ್ಷ! ಕಾಲೇಜು ತಂಡದಲ್ಲಿ ಪ್ರತಿವರ್ಷ ಒಂದು ತಲೆಮಾರು ಓದು ಮುಗಿಸಿ ಹೊರಡುತ್ತದೆ, ಇನ್ನೊಂದು ಬರುತ್ತದೆ. ಹುಡುಗರು ಬದಲಾಗುತ್ತಲೇ ಇದ್ದರು, ಗೆಲುವು ಬದಲಾಗಲಿಲ್ಲ.

ಸಂಬಳವಿಲ್ಲದೆ ಇಷ್ಟು ವರ್ಷ ಹೇಗೆ? ಅವರದು ಲಾರಿ ಸಾಗಣೆಯ ಸ್ವಂತ ಕಂಪನಿ. ಸ್ವತಃ ಯು.ಎಸ್.ಸಿ.ಯಲ್ಲೇ ಆಡಿ ಬೆಳೆದ ಡೇಡೋ 1935ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಪರ ಎರಡೇ ಎರಡು ಪಂದ್ಯ ಆಡಿದರು. ನಾಲ್ಕು ಸಲ ಬ್ಯಾಟ್ ಹಿಡಿದು ಒಂದು ಹಿಟ್. ಬೆನ್ನಿನ ಗಾಯ ಆ ಆಟದ ಬದುಕನ್ನು ಮುಗಿಸಿತು. ಐನೂರು ಡಾಲರ್ ಬಂಡವಾಳ ಹಾಕಿ ಲಾರಿ ವ್ಯವಹಾರಕ್ಕೆ ಇಳಿದರು, ಅದು ದೊಡ್ಡದಾಗಿ ಬೆಳೆಯಿತು. ಅನ್ನಕ್ಕೆ ಲಾರಿ ಇತ್ತು, ಮೈದಾನಕ್ಕೆ ಬರುತ್ತಿದ್ದುದು ಬರೀ ಪ್ರೀತಿಗೆ. ಇದನ್ನು ತಿಳಿದ ಮೇಲೆ ಆ ಒಂದು ಡಾಲರ್ ನನ್ನ ಕಣ್ಣಿಗೆ ಯಾವ ಟ್ರೋಫಿಗಿಂತಲೂ ದೊಡ್ಡದಾಗಿ ಕಾಣುತ್ತಿದೆ.

ಹುಡುಗರನ್ನೆಲ್ಲ ಅವರು ಕರೆಯುತ್ತಿದ್ದುದು ಒಂದೇ ಹೆಸರಿನಿಂದ: ‘ಟೈಗರ್’. ಕೈಜಾರಿದ ಚೆಂಡನ್ನು ಕ್ಷಮಿಸುತ್ತಿದ್ದರು, ಮೈಮರೆತು ಮಾಡಿದ ತಪ್ಪನ್ನಲ್ಲ. ಯಾವ ಬೇಸ್‌ಗೆ ಎಸೆಯಬೇಕು, ಯಾವಾಗ ಓಡಬೇಕು ಎಂಬುದನ್ನು ಮರೆತವನಿಗೆ ತಂಡದ ಹುಸಿ ನ್ಯಾಯಾಲಯದಲ್ಲಿ ವಿಚಾರಣೆ! ಶಿಕ್ಷೆ ಏನು ಗೊತ್ತೆ? ಎಲ್ಲರೆದುರು ತಲೆಗೊಂದು ಕೆಂಪು ಕೂದಲಿನ ವಿಗ್. ನಕ್ಕು ನಕ್ಕು ಸುಸ್ತಾದ ಮೇಲೂ ಪಾಠ ಮಾತ್ರ ಮನಸ್ಸಿನಲ್ಲಿ ಕೂತಿರುತ್ತಿತ್ತು.

ಮೊದಲ ಪ್ರಶಸ್ತಿಯ ಕತೆಯೇ ಎಂಥದ್ದು ನೋಡಿ. 1948, ಮಿಷಿಗನ್‌ನ ಕಲಮಜೂ. ತನಗೆ ಆಟ ಕಲಿಸಿದ್ದ ಸ್ಯಾಮ್ ಬ್ಯಾರಿ ಜೊತೆ ಸೇರಿ ಡೇಡೋ ತಂಡವನ್ನು ಫೈನಲ್‌ಗೆ ತಂದಿದ್ದರು. ಎದುರಿಗೆ ಯೇಲ್ ವಿಶ್ವವಿದ್ಯಾಲಯ. ಯೇಲ್‌ನ ಕ್ಯಾಪ್ಟನ್, ಮೊದಲ ಬೇಸ್ ಕಾಯುತ್ತಿದ್ದ ತೆಳ್ಳನೆಯ ಯುವಕ ಯಾರು? ಜಾರ್ಜ್ ಎಚ್. ಡಬ್ಲ್ಯು. ಬುಷ್! ಹೌದು, ನಲವತ್ತು ವರ್ಷಗಳ ನಂತರ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದ ಅದೇ ಬುಷ್. ಆ ದಿನ ಸೋತು ಮನೆಗೆ ಹೋದರು.

ಈಗ 1973ಕ್ಕೆ ಬನ್ನಿ. ನೆಬ್ರಾಸ್ಕದ ಒಮಾಹಾ, ರೋಸೆನ್‌ಬ್ಲಾಟ್ ಸ್ಟೇಡಿಯಂ, ಸೆಮಿಫೈನಲ್. ಬೇಸ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್. ನಮ್ಮ ಕ್ರಿಕೆಟ್‌ನಲ್ಲಿ ಬೌಲರ್ ಇದ್ದಂತೆ ಅಲ್ಲಿ ಪಿಚರ್. ಮಿನೆಸೋಟ ತಂಡದ ಪಿಚರ್ ಡೇವ್ ವಿನ್‌ಫೀಲ್ಡ್ ಅಂದು ಬೆಂಕಿ ಉಗುಳುತ್ತಿದ್ದ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮೂರರ ವೃತ್ತಿಪರ ತಂಡಗಳೂ ನಮಗೆ ಬೇಕು ಎಂದು ಆರಿಸಿಕೊಂಡಿದ್ದ ದೈತ್ಯ ಪ್ರತಿಭೆ ಅವನದು. ಎಸೆತಗಳನ್ನು ಹೊಡೆಯಲಾಗದೆ ಯು.ಎಸ್.ಸಿ. ಬ್ಯಾಟರ್‌ಗಳು 15 ಬಾರಿ ಔಟ್, ಅಂದರೆ ಸ್ಟ್ರೈಕ್‌ಔಟ್! ಎಂಟು ಇನಿಂಗ್ಸ್ ಮುಗಿದಾಗ ಸ್ಕೋರು 7–0. ಉಳಿದದ್ದು ಮೂರೇ ಔಟ್.

ಆಮೇಲೆ ಆದದ್ದನ್ನು ಓದುವಾಗ ಈಗಲೂ ಎದೆ ಬಡಿದುಕೊಳ್ಳುತ್ತದೆ. ಒಂದು ಹಿಟ್, ಇನ್ನೊಂದು ಹಿಟ್, ರನ್ನಿನ ಮೇಲೆ ರನ್. ದಣಿದ ವಿನ್‌ಫೀಲ್ಡ್‌ನನ್ನು ಔಟ್‌ಫೀಲ್ಡ್‌ಗೆ ಕಳಿಸಿ ಚೆಂಡನ್ನು ಬೇರೆಯವರ ಕೈಗೆ ಕೊಟ್ಟರು. ಪ್ರವಾಹ ನಿಲ್ಲಲಿಲ್ಲ. ದೂರದಲ್ಲಿ ನಿಂತು, ತಾನು ಕಟ್ಟಿದ ಗೆಲುವು ಕರಗುವುದನ್ನು ಅವನು ಕಣ್ಣಾರೆ ನೋಡಬೇಕಾಯಿತು. ಕೊನೆಯ ಆ ಒಂದೇ ಇನಿಂಗ್ಸ್‌ನಲ್ಲಿ ಎಂಟು ರನ್, ಯು.ಎಸ್.ಸಿ.ಗೆ 8–7 ಗೆಲುವು! ಫೈನಲ್‌ನಲ್ಲಿ ಆರಿಜೋನ ಸ್ಟೇಟ್ ತಂಡವನ್ನು 4–3ರಿಂದ ಸೋಲಿಸಿ ಮತ್ತೆ ಚಾಂಪಿಯನ್. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸೋತ ತಂಡದ ವಿನ್‌ಫೀಲ್ಡ್‌ಗೆ ಹೋಯಿತು, ಅದು ನ್ಯಾಯವೇ. ಗೆದ್ದ ತಂಡದಲ್ಲಿ ಫ್ರೆಡ್ ಲಿನ್ ಇದ್ದ. ಫುಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ ಯು.ಎಸ್.ಸಿ.ಗೆ ಬಂದಿದ್ದ ಹುಡುಗ! 1975ರಲ್ಲಿ ಅವನು ತನ್ನ ಲೀಗ್‌ನ ಅತ್ಯುತ್ತಮ ಹೊಸಬ ಮತ್ತು ಅತ್ಯಮೂಲ್ಯ ಆಟಗಾರ, ಎರಡೂ ಪ್ರಶಸ್ತಿಯನ್ನು ಒಂದೇ ವರ್ಷ ಬಾಚಿಕೊಂಡ.

ಡೇಡೋ ಕಣ್ಣು ಎಷ್ಟು ದೂರ ನೋಡುತ್ತಿತ್ತೆಂದರೆ, ಫ್ರೆಸ್ನೊ ಸಿಟಿ ಕಾಲೇಜಿನಲ್ಲಿದ್ದ ಟಾಮ್ ಸೀವರ್ ಎಂಬ ಪಿಚರ್‌ನನ್ನು 1964ರ ಬೇಸಿಗೆಯಲ್ಲಿ ಅಲಾಸ್ಕಕ್ಕೆ ಕಳಿಸಿದರು. ಅಲ್ಲಿ ಆಡಿ ತೋರಿಸು, ಸ್ಕಾಲರ್‌ಶಿಪ್ ಕೊಡೋಣ ಎಂಬ ಲೆಕ್ಕ. ಫೇರ್‌ಬ್ಯಾಂಕ್ಸ್‌ನ ಗೋಲ್ಡ್‌ಪ್ಯಾನರ್ಸ್ ತಂಡ ಅದು. ಪ್ರತಿ ಜೂನ್‌ನಲ್ಲಿ, ವರ್ಷದ ಅತಿ ದೀರ್ಘ ಹಗಲಿನಂದು ಅಲ್ಲಿ ಒಂದು ಪಂದ್ಯ ನಡೆಯುತ್ತದೆ. ಶುರುವಾಗುವುದು ರಾತ್ರಿ ಹತ್ತರ ಸುಮಾರಿಗೆ, ಒಂದು ದೀಪವನ್ನೂ ಹಚ್ಚದೆ! ನಡುರಾತ್ರಿಯ ಬೆಳಕಿನಲ್ಲಿ ಬೇಸ್‌ಬಾಲ್ ಆಡುವ ಆ ಊರಿನಲ್ಲಿ ಸೀವರ್ ಪಳಗಿದ. 1965ರಲ್ಲಿ ಯು.ಎಸ್.ಸಿ.ಗೆ 10 ಗೆಲುವು ತಂದುಕೊಟ್ಟ. ಮುಂದಿನ ವರ್ಷ ಅಟ್ಲಾಂಟ ಬ್ರೇವ್ಸ್ ಜೊತೆ ಸಹಿ ಹಾಕಿದಾಗ ನಿಯಮದ ತೊಡಕು. ಕಾಲೇಜಿನ ಸೀಸನ್ ಆಗಲೇ ಶುರುವಾಗಿತ್ತೆಂದು ಒಪ್ಪಂದ ರದ್ದಾಯಿತು, ಸಹಿ ಹಾಕಿದ್ದಕ್ಕೆ ಕಾಲೇಜಿನಲ್ಲಿ ಆಡುವ ಹಕ್ಕೂ ಹೋಯಿತು. ಕೊನೆಗೆ ಅವನನ್ನು ಸೇರಿಸಿಕೊಳ್ಳಲು ಮುಂದೆ ಬಂದ ಮೂರು ತಂಡಗಳ ಹೆಸರನ್ನು ಚೀಟಿಯಲ್ಲಿ ಬರೆದು, ಟೋಪಿಯೊಳಗಿಂದ ಒಂದನ್ನು ಎತ್ತಿದರು. ಬಂದದ್ದು ನ್ಯೂಯಾರ್ಕ್ ಮೆಟ್ಸ್. ಹುಟ್ಟಿದ ವರ್ಷವೇ 120 ಪಂದ್ಯ ಸೋತಿದ್ದ ತಂಡ! ಅದೇ ತಂಡ 1969ರಲ್ಲಿ ವೃತ್ತಿಪರ ಬೇಸ್‌ಬಾಲ್‌ನ ಅಂತಿಮ ಕಿರೀಟವಾದ ವರ್ಲ್ಡ್ ಸೀರೀಸ್ ಗೆದ್ದಿತು. ಆ ಸೀಸನ್‌ನಲ್ಲಿ ಸೀವರ್ ಗೆಲ್ಲಿಸಿಕೊಟ್ಟ ಪಂದ್ಯಗಳು 25.

ಇನ್ನು ಎಂಬತ್ತರ ದಶಕದ ಇಬ್ಬರ ಬಗ್ಗೆ ಹೇಳದೆ ಇರಲಾರೆ. 6 ಅಡಿ 10 ಅಂಗುಲದ ರ‍್ಯಾಂಡಿ ಜಾನ್ಸನ್. ವೇಗ ಭಯಂಕರ, ನಿಯಂತ್ರಣ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಜೊತೆಗೆ ಮಾರ್ಕ್ ಮೆಕ್‌ಗ್ವಾಯರ್. ಪಿಚರ್ ಎಂದು ಬಂದವನು ಬ್ಯಾಟರ್ ಆಗಿ ಮಾರ್ಪಟ್ಟು 1984ರಲ್ಲಿ 32 ಹೋಮ್ ರನ್ ಬಾರಿಸಿದ. ಒಂದೇ ಕಾಲೇಜಿನ ಈ ಗೆಳೆಯರು 1997ರ ಜೂನ್ 24ರಂದು ಸಿಯಾಟಲ್‌ನಲ್ಲಿ ವೃತ್ತಿಪರ ತಂಡಗಳ ಪರ ಎದುರುಬದುರಾದರು. ಜಾನ್ಸನ್ 19 ಸ್ಟ್ರೈಕ್‌ಔಟ್ ಮಾಡಿದ, ಮೆಕ್‌ಗ್ವಾಯರ್ ಅವನದೇ ಎಸೆತವನ್ನು ಅಂದಾಜು 538 ಅಡಿ ದೂರ ಅಟ್ಟಿದ! ನೂರು ಮೀಟರಿನ ಸಿಕ್ಸರ್‌ಗೆ ಎದ್ದು ನಿಂತು ಕುಣಿಯುವವರು ನಾವು, ಇದು 160 ಮೀಟರ್ ದಾಟಿತ್ತು. ಸ್ಟೀರಾಯ್ಡ್ ಬಳಸಿದ್ದಾಗಿ ಮೆಕ್‌ಗ್ವಾಯರ್ 2010ರಲ್ಲಿ ಒಪ್ಪಿಕೊಂಡ, ಅವನ ವೃತ್ತಿಪರ ದಾಖಲೆಗಳ ಮೇಲಿನ ಆ ಕಲೆ ಹೋಗುವಂಥದ್ದಲ್ಲ. ಜಾನ್ಸನ್ 4875 ಸ್ಟ್ರೈಕ್‌ಔಟ್‌ಗಳೊಂದಿಗೆ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್ ಪ್ರದರ್ಶನ ಕ್ರೀಡೆಯಾಗಿತ್ತು. ಮೆಕ್‌ಗ್ವಾಯರ್ ಇದ್ದ ಅಮೆರಿಕ ತಂಡದ ಕೋಚ್ ಡೇಡೋ ಅವರೇ. ಫೈನಲ್‌ನಲ್ಲಿ ಜಪಾನ್ ಗೆದ್ದಿತು. ಎರಡು ವರ್ಷದ ಬಳಿಕ ಅವರು ನಿವೃತ್ತರಾದರು, 2006ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಯು.ಎಸ್.ಸಿ. ತಂಡವನ್ನು ಮುಂದೆ ವಹಿಸಿಕೊಂಡ ಮೈಕ್ ಗಿಲೆಸ್ಪಿ ಯಾರೆಂದರೆ, 1961ರಲ್ಲಿ ಡೇಡೋ ಕೈಕೆಳಗೆ ಚಾಂಪಿಯನ್ ತಂಡದಲ್ಲಿ ಆಡಿದ್ದ ಹುಲಿಗಳಲ್ಲೊಬ್ಬ. 1998ರ ಫೈನಲ್‌ನಲ್ಲಿ ಅವರ ಹುಡುಗರು ಆರಿಜೋನ ಸ್ಟೇಟ್ ವಿರುದ್ಧ 21–14ರಿಂದ ಗೆದ್ದರು. ಅದು ಯು.ಎಸ್.ಸಿ.ಯ ಹನ್ನೆರಡನೆಯ ಪ್ರಶಸ್ತಿ. ಆಮೇಲೆ ಇನ್ನೊಂದು ಬಂದಿಲ್ಲ, ನಿಜ. ಆದರೆ ಅಮೆರಿಕದ ಅಗ್ರ ದರ್ಜೆಯ ಬೇರೆ ಯಾವ ಕಾಲೇಜು ತಂಡವೂ ಇಂದಿಗೂ ಹತ್ತನ್ನೇ ಮುಟ್ಟಿಲ್ಲ.