ಕಾಕ್ಲಿಯರ್ ಇಂಪ್ಲಾಂಟ್: ಬಿಡಿಭಾಗಗಳೂ ಬಿಲ್ಲೂ

ಹುಟ್ಟಿನಿಂದಲೇ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯು ನಾದಲೋಕದ ಬಾಗಿಲನ್ನು ತೆರೆಯಬಲ್ಲದು. 1981ರಿಂದ ನಡೆದುಬಂದಿರುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ನೆರವಿನಿಂದ ಈಗ ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೂ ಈ ಸಾಧನ ದೊರೆಯುತ್ತಿದೆ. ಆದರೆ ಶಸ್ತ್ರಚಿಕಿತ್ಸೆ ಒಮ್ಮೆ ನಡೆದು ಮುಗಿಯುವಂಥದು. ಸಾಧನದ ಹೊರಭಾಗಗಳ ವೆಚ್ಚವೋ ಜೀವನಪರ್ಯಂತ ಉಳಿಯುವಂಥದು. ಇದನ್ನು ಮೊದಲೇ ಅರಿಯದಿದ್ದರೆ, ಒಂದು ಕೇಬಲ್ ತುಂಡಾದ ಮಾತ್ರಕ್ಕೆ ಮಗು ಮತ್ತೆ ನಿಶ್ಶಬ್ದಕ್ಕೆ ಮರಳಬೇಕಾಗುತ್ತದೆ.

ಸಾಧನದಲ್ಲಿ ಎರಡು ಭಾಗಗಳಿವೆ. ಕಿವಿಯ ಹಿಂದೆ ಚರ್ಮದಡಿಯಲ್ಲಿ ಅಳವಡಿಸುವ ಒಳಭಾಗದಿಂದ ಹೊರಟ ವಿದ್ಯುದಗ್ರಗಳ ಸಣ್ಣ ಎಳೆಯು ಒಳಗಿವಿಯ ಶಂಖಾಕೃತಿಯ ಕಾಕ್ಲಿಯಾದೊಳಗೆ ಸೇರಿರುತ್ತದೆ. ಮೈಕ್ರೊಫೋನ್, ಸ್ಪೀಚ್ ಪ್ರೊಸೆಸರ್, ಕೇಬಲ್, ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್, ಬ್ಯಾಟರಿ ಇವು ಹೊರಭಾಗಗಳು. ಸಾಮಾನ್ಯವಾಗಿ ಒಳಭಾಗಕ್ಕೆ ತನ್ನದೇ ಬ್ಯಾಟರಿ ಇರುವುದಿಲ್ಲ. ಕಾಯಿಲ್‌ನ ಮೂಲಕವೇ ಅದಕ್ಕೆ ಶಕ್ತಿಯೂ ಧ್ವನಿಸಂಕೇತವೂ ತಲುಪಬೇಕು. ಆದ್ದರಿಂದ ಹೊರಗಿನ ಒಂದು ಕೊಂಡಿ ಕಳಚಿದರೂ ಒಳಗಿನ ಸಾಧನ ನಿಷ್ಪ್ರಯೋಜಕವಾಗುತ್ತದೆ. ಬೆವರು, ತೇವ ಮತ್ತು ಮಕ್ಕಳ ಆಟೋಟಗಳಿಂದ ಕೇಬಲ್ ಹಾಗೂ ಕಾಯಿಲ್‌ಗಳು ಬೇಗ ಸವೆಯುತ್ತವೆ. ರಾತ್ರಿಯ ವೇಳೆ ಹೊರಭಾಗಗಳನ್ನು ತೇವ ಹೀರುವ ಡಬ್ಬಿಯಲ್ಲಿಡುವುದು ಅವುಗಳ ಆಯುಸ್ಸನ್ನು ಹೆಚ್ಚಿಸುವ ಸರಳೋಪಾಯ.

ಯಾವ ಭಾಗ ಕೆಟ್ಟರೂ ಹಣ ತೆರುವ ಮುನ್ನ ವಾರಂಟಿ ಪತ್ರವನ್ನು ನೋಡಬೇಕು. ಒಳಭಾಗಕ್ಕೆ ಸಾಮಾನ್ಯವಾಗಿ 10 ವರ್ಷ, ಪ್ರೊಸೆಸರ್‌ಗೆ ಅದಕ್ಕಿಂತ ಕಡಿಮೆ, ಕೇಬಲ್ ಮತ್ತು ಕಾಯಿಲ್‌ಗಳಿಗೆ ಇನ್ನೂ ಅಲ್ಪಾವಧಿಯ ವಾರಂಟಿ ಇರುತ್ತದೆ. ಪ್ರತಿಯೊಂದರ ಅವಧಿ ಮುಗಿಯುವ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

ಇನ್ನು ಬಿಲ್ಲಿನ ವಿಚಾರ. "ಬಿಡಿಭಾಗಗಳು" ಎಂಬ ಒಂದೇ ಸಾಲಿನ ಬಿಲ್ಲು ಮರುಪಾವತಿಯ ಕಚೇರಿಯಲ್ಲಿ ಪ್ರಶ್ನೆಗೆ ಒಳಗಾಗುವುದು ಸಹಜ. ಅಮೆರಿಕದ ಮೆಡಿಕೇರ್ ವ್ಯವಸ್ಥೆಯು ಇಂಥ ಪ್ರತಿ ಭಾಗಕ್ಕೂ ಪ್ರತ್ಯೇಕ ಸಂಕೇತವನ್ನೇ ನೀಡಿದೆ: ಮೈಕ್ರೊಫೋನಿಗೆ ಎಲ್ 8616, ಕಾಯಿಲ್‌ಗೆ ಎಲ್ 8617, ಕೇಬಲ್‌ಗೆ ಎಲ್ 8618, ಬದಲಿ ಪ್ರೊಸೆಸರ್‌ಗೆ ಎಲ್ 8619. ನಮ್ಮಲ್ಲಿ ಆ ಸಂಕೇತಗಳು ಬಳಕೆಯಲ್ಲಿಲ್ಲವಾದರೂ ಅದರ ಹಿಂದಿನ ವಿವೇಕ ಅನುಸರಣೀಯ. ಭಾಗದ ಹೆಸರು, ಮಾದರಿ, ಸಂಖ್ಯೆ, ಬಿಡಿ ಬೆಲೆ ಮತ್ತು ತೆರಿಗೆಗಳು ಬಿಲ್ಲಿನಲ್ಲಿ ಬೇರೆಬೇರೆಯಾಗಿ ನಮೂದಾಗಿರಲಿ. ಪ್ರೊಸೆಸರ್ ಆದರೆ ಅದರ ಕ್ರಮಸಂಖ್ಯೆಯೂ ಇರಲಿ. ಹಳೆಯ ಭಾಗ ಏಕೆ ಕೆಲಸಕ್ಕೆ ಬಾರದು ಎಂಬುದಕ್ಕೆ ಶ್ರವಣತಜ್ಞರ ಲಿಖಿತ ಅಭಿಪ್ರಾಯವನ್ನು ಅದರೊಡನೆ ಲಗತ್ತಿಸಬೇಕು.

ಈ ವಿಷಯದಲ್ಲಿ ಕಾನೂನೂ ಗ್ರಾಹಕರ ಬೆಂಬಲಕ್ಕಿದೆ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳನ್ನೂ ಅವುಗಳ ಪರಿಕರಗಳನ್ನೂ ಔಷಧ ಕಾನೂನಿನ ವ್ಯಾಪ್ತಿಗೆ ತರಲಾಗಿದ್ದು, ಅವುಗಳ ಗರಿಷ್ಠ ಮಾರಾಟ ಬೆಲೆಯನ್ನು 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದ್ದರಿಂದ ಹಳೆಯ ಬಿಲ್ಲುಗಳನ್ನು ಎಸೆಯದೆ ಹೊಸದರೊಂದಿಗೆ ಹೋಲಿಸಿ ನೋಡಬೇಕು.

ಆರೋಗ್ಯ ವಿಮೆಯನ್ನು ನೆಚ್ಚಿದವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವ ಪಾಲಿಸಿಯು ದೇಹದ ಹೊರಗೆ ಧರಿಸುವ ಸಾಧನಗಳನ್ನು ಕೈಬಿಟ್ಟಿರಬಹುದು. ಹೊರಗಿಟ್ಟ ವೆಚ್ಚಗಳ ಪಟ್ಟಿಯನ್ನು ಓದಿ, ಖರೀದಿಗೆ ಮುನ್ನವೇ ಲಿಖಿತ ಒಪ್ಪಿಗೆ ಪಡೆಯುವುದು ಸುರಕ್ಷಿತ ಮಾರ್ಗ. ನೌಕರಿಯ ಸಂಸ್ಥೆಯಿಂದ ವೈದ್ಯಕೀಯ ವೆಚ್ಚ ಪಡೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರೊಸೆಸರಿನ ಬದಲಾವಣೆಗೆ ಲಕ್ಷಗಟ್ಟಲೆ ರೂಪಾಯಿ ಬೇಕಾಗಬಹುದಾದ್ದರಿಂದ, ಸಾಧನ ಅಳವಡಿಸಿದ ವರ್ಷದಿಂದಲೇ ತಿಂಗಳಿಗಿಷ್ಟೆಂದು ಕೂಡಿಡುವುದು ವಿವೇಕ.

ಎಳವೆಯಲ್ಲಿ ಮಿದುಳು ಭಾಷೆಯನ್ನು ಮೈಗೂಡಿಸಿಕೊಳ್ಳುವ ಕಾಲ ಮತ್ತೆ ಬಾರದು. ಆ ಅವಧಿಯಲ್ಲಿ ಸಾಧನ ಮೌನವಾಗಿ ಕಳೆದ ಪ್ರತಿ ವಾರವೂ ಮಗುವಿನ ಮಾತಿಗೆ ಆದ ನಷ್ಟ. ಶಸ್ತ್ರಚಿಕಿತ್ಸೆಗೆ ನೆರವಾಗುವ ದಾನಿಗಳೂ ಇದನ್ನು ಗಮನಿಸಬೇಕು. ಒಂದು ಹೆಚ್ಚುವರಿ ಕೇಬಲ್, ಒಂದು ವರ್ಷಕ್ಕೆ ಸಾಲುವಷ್ಟು ಬ್ಯಾಟರಿ ಇಂಥ ಕಿರುಕಾಣಿಕೆಯೂ ಈಗಾಗಲೇ ತೆರೆದ ಕಿವಿಯನ್ನು ಮುಚ್ಚದಂತೆ ಕಾಯಬಲ್ಲದು.