ಪಾಲಿಕೆ ಬಜೆಟ್‌ನಲ್ಲಿ ಯಾರೂ ನೋಡದ ಕಾಲಂ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಗಂಗಾನಗರದ ಮನೆಗಳಲ್ಲಿ ಕಂದಾಯದ ಮಾತು. ಆ ತಿಂಗಳಲ್ಲೇ ವರ್ಷದ ಆಸ್ತಿ ತೆರಿಗೆ ಪೂರ್ತಿ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ. ಅದನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಕಟ್ಟಿದ ಮೇಲೆ ರಸೀದಿ ಫೈಲಿಗೆ ಸೇರುತ್ತದೆ. ಹಣ ಎಲ್ಲಿಗೆ ಸೇರಿತೆಂದು ಕೇಳುವ ಗೋಜಿಗೆ ಹೋಗುವವರು ಕಡಿಮೆ.

ತೆರಿಗೆಯ ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. 2008ರಲ್ಲಿ ಬೆಂಗಳೂರನ್ನು ‘ಎ’ಯಿಂದ ‘ಎಫ್’ವರೆಗೆ ವಲಯಗಳಾಗಿ ವಿಂಗಡಿಸಿ, ಚದರಡಿಗೆ ತಿಂಗಳಿಗೆ ಇಷ್ಟೆಂದು ದರ ಗೊತ್ತುಮಾಡಿದರು. ಸಾವಿರ ಚದರಡಿಯ ಮನೆ, ದರ ಎರಡು ರೂಪಾಯಿ ಅಂದುಕೊಳ್ಳಿ. ಹತ್ತು ತಿಂಗಳಿಗೆ ಗುಣಿಸಿದರೆ 20,000. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ, ಅದನ್ನು ಸದ್ಯ ಬಿಡೋಣ. ಶೇ 20ರಂತೆ ತೆರಿಗೆ 4,000. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಎಂದು ಶೇ 24, ಅಂದರೆ 960. ಗ್ರಂಥಾಲಯದ್ದೂ ಭಿಕ್ಷುಕರದ್ದೂ ಪಾಲಿಕೆ ವಸೂಲು ಮಾಡಿ ದಾಟಿಸಬೇಕಾದ ದುಡ್ಡು, ಸ್ವಂತದ್ದಲ್ಲ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಜೊತೆಗೂಡಿದೆ.

ಇಂಥ ಲಕ್ಷಾಂತರ ರಸೀದಿ ಕೂಡಿಸಿದರೂ 2024–25ರಲ್ಲಿ ಬಂದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಮರುವರ್ಷಕ್ಕೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಂಡಿಸಿದ ಬಜೆಟ್ಟಿನ ಗಾತ್ರವೋ 19,930 ಕೋಟಿ! ಹಿಂದಿನ ಸಾಲಿನದು 12,369 ಕೋಟಿ. ಈ ನೆಗೆತಕ್ಕೆ ದೊಡ್ಡ ಆಸರೆ ರಾಜ್ಯ ಸರ್ಕಾರದ ಅನುದಾನ. 3,000 ಕೋಟಿಯನ್ನು 7,000 ಕೋಟಿಗೆ ಏರಿಸುವುದಾಗಿ ರಾಜ್ಯ ಬಜೆಟ್ ಹೇಳಿತ್ತು. ಮಾವನ ಮನೆಯ ಹಣ ನಂಬಿ ಮಹಡಿ ಏರಿಸಲು ಹೊರಟ ಅಳಿಯನ ಹಾಗೆ.

ಅಂಕಿ ಹಿಗ್ಗಿಸಿದರೆ ಯಾರಿಗೇನು ನಷ್ಟ ಎನ್ನಬೇಡಿ. ಬಜೆಟ್ಟಿನಲ್ಲಿ ಜಾಗವಿದ್ದರೆ ಕಾಮಗಾರಿಗೆ ಜಾಬ್ ಕೋಡ್ ಎಂಬ ಸಂಖ್ಯೆ ಸಿಗುತ್ತದೆ, ಗುತ್ತಿಗೆದಾರ ಕೆಲಸ ಮುಗಿಸುತ್ತಾನೆ. ಅಷ್ಟರಲ್ಲಿ ಆದಾಯ ಬಾರದಿದ್ದರೆ ಬಿಲ್ ಬಾಕಿ. ಆ ಬಾಕಿಯೇ ಮುಂದಿನ ವರ್ಷದ ಮೊದಲ ಖರ್ಚು. ಹೊಸ ಬಜೆಟ್ ಹುಟ್ಟುವಾಗಲೇ ಅರ್ಧ ಸವೆದಿರುತ್ತದೆ.

ಬೆಂಗಳೂರಿಗೆ ದೂರಾಲೋಚನೆ ಗೊತ್ತಿರಲಿಲ್ಲವೆಂದಲ್ಲ. ದೇಶದಲ್ಲೇ ಮೊದಲು ಮುನಿಸಿಪಲ್ ಬಾಂಡ್ ಬಿಟ್ಟದ್ದು ಈ ಊರು: 1997ರಲ್ಲಿ, 125 ಕೋಟಿ ರೂಪಾಯಿಗೆ, ರಾಜ್ಯದ ಖಾತರಿಯೊಂದಿಗೆ. ಅದೇ ಪಾಲಿಕೆ ಮುಂದೆ ಕೇಂದ್ರ ಸರ್ಕಾರದ ಸಾಲಸಂಸ್ಥೆ ಹುಡ್ಕೋದ ಸಾಲಕ್ಕಾಗಿ ಕೆ.ಆರ್. ಮಾರ್ಕೆಟ್, ಜಾನ್ಸನ್ ಮಾರ್ಕೆಟ್, ಎಂ.ಜಿ. ರಸ್ತೆಯ ಯುಟಿಲಿಟಿ ಕಟ್ಟಡಗಳನ್ನು ಅಡವಿಟ್ಟಿತು. ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು. ಹಲವು ವರ್ಷಗಳ ಜಮಾ–ಖರ್ಚನ್ನು ಮುಂಚಿತವಾಗಿ ತೋರಿಸಿ ಎನ್ನುವ ಸ್ಥಳೀಯ ನಿಧಿ ಪ್ರಾಧಿಕಾರಗಳ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕರ್ನಾಟಕದಲ್ಲಿ 2003ರಿಂದಲೇ ಇದೆ. ಕಾಯ್ದೆಯಿದ್ದೂ ಅಡವು ತಪ್ಪಲಿಲ್ಲ.

ಪ್ರಶ್ನೆ ಕೇಳಬೇಕಾದ ಕಾರ್ಪೊರೇಟರುಗಳೂ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಬಿಬಿಎಂಪಿಯ ಐದು ಬಜೆಟ್‌ಗಳು ಆಡಳಿತಾಧಿಕಾರಿಗಳ ಕೈಯಲ್ಲೇ ಆದವು. 2022ರದ್ದಂತೂ ಮಾರ್ಚ್ 31ರ ರಾತ್ರಿ ಸದ್ದಿಲ್ಲದೆ ಜಾಲತಾಣ ಸೇರಿತು. ಊರು ಮಲಗಿದ ಹೊತ್ತಿಗೆ ಊರಿನ ಲೆಕ್ಕ!

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಹೆಬ್ಬಾಳ, ಯಲಹಂಕದವರು ಈಗ ಬೆಂಗಳೂರು ಉತ್ತರ ನಗರಪಾಲಿಕೆಗೆ ಸೇರಿದವರು. ದೊಡ್ಡ ಯೋಜನೆಗಳ ಲೆಕ್ಕವೇ ಬೇರೆ: ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಯೋಜಿಸಿರುವ ಸುರಂಗ ರಸ್ತೆಯ ಅಂದಾಜು ಸುಮಾರು 17 ಸಾವಿರ ಕೋಟಿ, ಬಿಬಿಎಂಪಿಯ ಕೊನೆಯ ಬಜೆಟ್ಟಿಗೆ ಹತ್ತಿರ ಹತ್ತಿರ. ಅದರ ಹೊಣೆ ಪಾಲಿಕೆಯದಲ್ಲ, ಬಿ–ಸ್ಮೈಲ್ ಎಂಬ ಪ್ರತ್ಯೇಕ ಕಂಪನಿಯದು. ಮನೆಮುಂದಿನ ಮೋರಿಯ ಲೆಕ್ಕ ಒಂದು ಪುಸ್ತಕದಲ್ಲಿ, ನೆಲದಡಿಯ ಸುರಂಗದ್ದು ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗಿಟ್ಟು ಓದದೆ ನಗರದ ಮುಂದಿನ ಇಪ್ಪತ್ತು ವರ್ಷದ ಋಣ ಎಷ್ಟೆಂದು ತಿಳಿಯದು.

ನಮ್ಮ ಪಾಲಿಕೆಯ ಬಜೆಟ್ ಪುಸ್ತಕ ಸಿಕ್ಕರೆ ದಪ್ಪಕ್ಷರದ ಒಟ್ಟು ಮೊತ್ತವನ್ನು ಬಿಟ್ಟುಬಿಡಿ. ‘ಅಂದಾಜು’, ‘ಪರಿಷ್ಕೃತ ಅಂದಾಜು’ಗಳ ಪಕ್ಕದಲ್ಲಿ ‘ವಾಸ್ತವಿಕ’ ಎಂಬ ಕಾಲಂ ಇರುತ್ತದೆ, ನಿಜಕ್ಕೂ ಬಂದದ್ದು, ಹೋದದ್ದು. ವಾರ್ಡ್ ಸಮಿತಿ ಸಭೆಗೆ ಹೋಗುವಾಗ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗಿ.