ಕಪ್ಪತಗುಡ್ಡಕ್ಕೆ ಒಂದು ದಿನದ ಫೋಟೊ ಟ್ರಿಪ್: ಗೈಡ್‌ಗೆ ಕೊಡೋ ರೊಕ್ಕ ಯಾತಕ್ಕೆ?

ಇವತ್ತಿನ ಸಂಚಿಕೆ ಫೋಟೊ ತೆಗೆಯೋರಿಗೆ. ಮಳಿಗಾಲ ಬಂತಂದ್ರ ನನಗೆ ಬರೋ ಮೆಸೇಜುಗಳಲ್ಲಿ ಒಂದು ಪ್ರಶ್ನೆ ತಪ್ಪೋದಿಲ್ಲ: 'ಕಪ್ಪತಗುಡ್ಡಕ್ಕ ಒಂದಿನದ ಟ್ರಿಪ್ ಹೊಂಟೀವಿ, ಗೈಡ್ ಬೇಕೇನು?' ನನ್ನ ಉತ್ತರ, ಬೇಕು. ಆದರೆ ಯಾತಕ್ಕೆ ಬೇಕು ಅನ್ನೋದು ಗೊತ್ತಿರಬೇಕು. ನಂದು ಬಿ.ಕಾಂ. ನೋಡ್ರಿ, ರೊಕ್ಕ ಕೊಡೋ ಮುಂಚೆ ಅದರಿಂದ ಸಿಗೋದೇನು ಅಂತ ಲೆಕ್ಕ ಹಾಕೋದು ರೂಢಿ.

ಮೊದಲು ದೂರದ ಒಂದು ಉದಾಹರಣೆ. ಅಮೆರಿಕದ ಅರಿಜೋನಾದಾಗ ಆಂಟೆಲೋಪ್ ಕ್ಯಾನ್ಯನ್ ಅಂತ ಒಂದು ಕೊಳ್ಳ ಐತಿ. ಮರುಭೂಮಿ ಸೀಮೆ, ಕೆಂಪು ಮರಳುಗಲ್ಲು, ನೀರು ಕೊರೆದು ಮಾಡಿದ ಸಂದಿ. ಅದು ನವಾಹೊ ಬುಡಕಟ್ಟಿನವರ ನೆಲ. 1997ರ ಆಗಸ್ಟ್ 12ರಂದು ಅಲ್ಲಿ 11 ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಮಳೆ ಸುರಿದದ್ದು ಎಷ್ಟೋ ದೂರದಲ್ಲಿ, ನೀರು ನುಗ್ಗಿದ್ದು ಈ ಸಂದಿಯೊಳಗೆ. ಈಗ ಅಲ್ಲಿ ಗೈಡ್ ಇಲ್ಲದೆ ಯಾರನ್ನೂ ಒಳಗೆ ಬಿಡೋದಿಲ್ಲ. ಅಂದ್ರ ಆ ಗೈಡ್ ದಾರಿ ತೋರಿಸೋದರ ಜೊತೆಗೆ 'ಇವತ್ತು ಬ್ಯಾಡ' ಅಂತ ಹೇಳೋ ಮನುಷ್ಯನೂ ಹೌದು. ನಮ್ಮ ಗುಡ್ಡದಲ್ಲೂ ನೀವು ರೊಕ್ಕ ಕೊಡಬೇಕಾದದ್ದು ಇಂಥವರಿಗೇ.

ಇದು ಅಭಯಾರಣ್ಯ

ಕಪ್ಪತಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಚಾಚಿಕೊಂಡಿದೆ. ಇದರಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶ 2019ರಿಂದ ವನ್ಯಜೀವಿಧಾಮ. ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿ ಇಲ್ಲಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಕಡೆ ಒಳಗೆ ಹೋಗೋಕೆ ಅನುಮತಿ ಬೇಕು. ಯಾವ್ಯಾವ ಕಾರಣಕ್ಕೆ ಅನುಮತಿ ಕೊಡಬಹುದು ಅನ್ನೋ ಪಟ್ಟಿ ಕಾಯ್ದೆಯಲ್ಲೇ ಇದೆ. ಅದರಲ್ಲಿ ಫೋಟೊ ತೆಗೆಯೋದೂ ಬರುತ್ತೆ, ಪ್ರವಾಸವೂ ಬರುತ್ತೆ. ಸಾರ್ವಜನಿಕ ಹೆದ್ದಾರಿ ಮೇಲೆ ಹಾದು ಹೋಗೋಕೆ ಅಡ್ಡಿಯಿಲ್ಲ. ರಸ್ತೆ ಬಿಟ್ಟು ಹುಲ್ಲಿನೊಳಗೆ ಇಳಿದರೆ ಲೆಕ್ಕ ಬೇರೆ. ಹಂಗಾಗಿ ಗೈಡ್‌ಗೆ ಮೊದಲನೇ ಪ್ರಶ್ನೆ: ಅರಣ್ಯ ಇಲಾಖೆಯ ಅನುಮತಿ ಪತ್ರ ಎಲ್ಲೈತ್ರಿ? 'ಅದೆಲ್ಲಾ ನಾವು ನೋಡ್ಕೋತೀವಿ ಬಿಡ್ರಿ' ಅಂದರೆ ಅಡ್ವಾನ್ಸ್ ಕೊಡಬ್ಯಾಡ್ರಿ.

ಬೆಳಕಿನ ಲೆಕ್ಕ

ಆಂಟೆಲೋಪ್ ಕೊಳ್ಳದಲ್ಲಿ ಮಧ್ಯಾಹ್ನವೇ ಒಳ್ಳೆ ಹೊತ್ತು. ಸಂದಿ ಅಷ್ಟು ಇಕ್ಕಟ್ಟು, ಸೂರ್ಯ ನೆತ್ತಿ ಮೇಲೆ ಬಂದಾಗ ಮಾತ್ರ ಕಿರಣ ತಳ ಮುಟ್ಟುತ್ತೆ. ನಮ್ಮಲ್ಲಿ ತಿರುವುಮುರುವು. ತೆರೆದ ಗುಡ್ಡಸಾಲಿಗೆ ನಡುಹಗಲ ಬಿಸಿಲು ಬಿದ್ದರೆ ನೆರಳೆಲ್ಲ ಅಡಗಿ ಏರು-ಇಳಿವು ಚಪ್ಪಟೆ ಕಾಣ್ತಾವೆ. ಬೆಳಕು ಓರೆಯಾಗಿ ಬಿದ್ದಾಗಲೇ ಒಂದರ ಹಿಂದೊಂದು ಸಾಲು ಬಿಡಿಬಿಡಿಯಾಗಿ ಎದ್ದು ನಿಲ್ಲೋದು.

ಗುಡ್ಡದ ಸಾಲು ಹೆಚ್ಚುಕಡಿಮೆ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತೆ. ಹಂಗಾಗಿ ನಸುಕಿನ ಬೆಳಕು ಬೀಳೋದು ಮೂಡಣ ಮಗ್ಗುಲಿಗೆ, ಡಂಬಳ-ಡೋಣಿ ಕಡೆ. ಸಂಜೆ ಬೆಳಕು ಪಡುವಣಕ್ಕೆ, ಶಿರಹಟ್ಟಿ ತಾಲೂಕಿನ ಕಡಕೋಳದ ಕಡೆ. ಗದಗಿನಿಂದ ಡಂಬಳ ಸುಮಾರು 20 ಕಿ.ಮೀ.; ಸೂರ್ಯ ಹುಟ್ಟೋ ಮುಂಚೆ ಅಲ್ಲಿ ಇರಬೇಕಂದ್ರ ಕತ್ತಲಲ್ಲೇ ಮನೆ ಬಿಡಬೇಕು. ಹತ್ತು ಗಂಟೆಗೆ ಹೊರಡಿಸೋ ಟ್ರಿಪ್ ಇದ್ದರೆ ಅದು ಫೋಟೊ ಟ್ರಿಪ್ ಅಲ್ಲ, ಊಟದ ಟ್ರಿಪ್.

ಗಾಳಿ ಬಗ್ಗೆ ಒಂದು ಮಾತು. ಗಾಳಿಗುಂಡಿ ಅನ್ನೋ ಹೆಸರು ಸುಮ್ಮನೆ ಬಂದಿಲ್ಲ, ಈ ಸೀಮೆಯಲ್ಲಿ ಗಾಳಿಯಂತ್ರ ನಿಲ್ಲಿಸಿದ್ದೂ ಸುಮ್ಮನೆ ಅಲ್ಲ. ಟ್ರೈಪಾಡ್‌ನ ನಡುಗಂಬಕ್ಕೆ ಚೀಲ ಜೋತುಬಿಡ್ರಿ, ಇಲ್ಲಾಂದ್ರ ಶಟರ್ ಸ್ಪೀಡ್ ಏರಿಸ್ರಿ.

ನಡುಹಗಲು ಏನು ಮಾಡೋದು? ಡಂಬಳದ ದೊಡ್ಡಬಸಪ್ಪ ಗುಡಿಗೆ ಬರ್ರಿ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ವಿನ್ಯಾಸದಲ್ಲಿದೆ. ಗುಡ್ಡವನ್ನ ಕೆಡಿಸೋ ಅದೇ ಬಿಸಿಲು ಇಲ್ಲಿ ಒಂದೊಂದು ಮೂಲೆಯ ನೆರಳನ್ನೂ ಕತ್ತರಿಸಿ ಇಟ್ಟಂಗ ತೋರಿಸುತ್ತೆ. ಚಳಿಗಾಲವಾದರೆ ಸಂಜೆಗೆ ಲಕ್ಷ್ಮೇಶ್ವರದ ಹತ್ತಿರದ ಮಾಗಡಿ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳೀತಾವೆ. 2024ರಲ್ಲಿ ಅದು ರಾಮ್ಸಾರ್ ತಾಣವಾಗಿದೆ.

ಗೈಡ್ 'ಬ್ಯಾಡ' ಅನ್ನಬೇಕಾದ ಜಾಗ

ಒಳ್ಳೆ ಗೈಡ್ ಮೂರು ವಿಷಯದಾಗ ನಿಮ್ಮನ್ನ ತಡೀಬೇಕು. ಒಂದು, ಬೆಂಕಿ. ಬ್ಯಾಸಗಿಯಲ್ಲಿ ಇಲ್ಲಿಯ ಹುಲ್ಲು ಒಣಗಿ ಕಾಗದದಂಗ ಆಗಿರುತ್ತೆ. ಒಂದು ಬೀಡಿ ತುಂಡು ಸಾಕು. ಎರಡು, ಡ್ರೋನ್. ಅನುಮತಿ ಇಲ್ಲದೆ ಹಾರಿಸೋ ಮಾತೇ ಇಲ್ಲ. ಮೂರು, ಚಿತ್ರದ ಚೌಕಟ್ಟಿಗೆ ಅಡ್ಡ ಬಂತು ಅಂತ ಗಿಡದ ಟೊಂಗಿ ಮುರಿಯೋದು. ಇದು ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ, ನಿಮಗೆ ಕಸವಾಗಿ ಕಂಡದ್ದು ಇನ್ನೊಬ್ಬರ ಮದ್ದು.

ಇಷ್ಟೆಲ್ಲ ಯಾಕೆ ಅಂದ್ರ, ಈ ಗುಡ್ಡ ಉಳಿದದ್ದು ತಾನಾಗಿ ಅಲ್ಲ. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರ್ತದ ಅಂದಾಗ ಇಲ್ಲಿಯ ರೈತರು ಎದ್ದು ನಿಂತರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2015ರಲ್ಲಿ ಸರ್ಕಾರ ಗುಡ್ಡವನ್ನ ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿತು, 2016ರಲ್ಲಿ ಹಿಂತೆಗೆದುಕೊಂಡಿತು. ಜನ ಮತ್ತೆ ಬೀದಿಗೆ ಇಳಿದ ಮೇಲೆ 2017ರಲ್ಲಿ ಮತ್ತೆ ಕೊಟ್ಟಿತು. ಎರಡು ವರ್ಷಕ್ಕೆ ವನ್ಯಜೀವಿಧಾಮ ಆಯ್ತು. ಅಷ್ಟು ಮಂದಿ ಹೋರಾಡಿ ಉಳಿಸಿದ್ದನ್ನ ನಾವು ಒಂದು ರೀಲ್ಸ್‌ಗಾಗಿ ತುಳಿದು ಹಾಳು ಮಾಡಿದರೆ ಹೆಂಗ್ರಿ?

ಅದಕ್ಕ ಬುಕ್ ಮಾಡೋ ಮುಂಚೆ ಇಷ್ಟು ಕೇಳ್ರಿ: ಅನುಮತಿ ಪತ್ರ ಇದೆಯೇನು? ಎಷ್ಟು ಗಂಟೆಗೆ ಹೊರಡೋದು? ಮಳೆ ಬಂದರೆ ವಾಪಸ್ ಬರ್ತೀರಾ, ರೊಕ್ಕದ್ದು ಏನು? ಕರ್ಕೊಂಡು ಹೋಗೋ ಮನುಷ್ಯ ಡೋಣಿ, ಡಂಬಳ, ಕಡಕೋಳ ಇಂಥ ಗುಡ್ಡದ ಬುಡದ ಊರಿನವರೇನು? ಕೊನೇ ಪ್ರಶ್ನೆಗೆ 'ಹೌದು' ಅಂದರೆ ಚೌಕಾಸಿ ಮಾಡಬ್ಯಾಡ್ರಿ. ಅಲ್ಲಿಯವರ ಮನೆಗೆ ಗುಡ್ಡದಿಂದ ನಾಕು ದುಡ್ಡು ಬಂದರೆ, ಬೆಂಕಿ ಬಿದ್ದಾಗ ನಮಗಿಂತ ಮುಂಚೆ ಓಡೋರೂ ಅವರೇ.

ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.